ಗ್ರೂಪ್ ಫೋಟೊದಲ್ಲಿ ನಿಲ್ಲದವರು

ಚಾಂಗಿ

ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ನಮ್ಮ ತಂಡ ಮಾಡಿದ ಮೊದಲ ಕೆಲಸ ಫೋಟೊ ತೆಗೆಸಿಕೊಂಡದ್ದು. ಅರ್ಧ ಜನರ ಪೆಟ್ಟಿಗೆಗಳು ಇನ್ನೂ ಬಂದಿರಲಿಲ್ಲ. ಬೇರೆ ಬೇರೆ ರಾಜ್ಯಗಳ ಶಿಕ್ಷಣ ಇಲಾಖೆಯವರು ನಿದ್ದೆಗಣ್ಣಿನಲ್ಲಿ ಬೆಲ್ಟಿನ ಕಡೆ ನೋಡುತ್ತ ನಿಂತಿದ್ದರು. ಅಷ್ಟರಲ್ಲಿ ದೆಹಲಿಯಿಂದ ತಂಡ ಕರೆತಂದಿದ್ದ ಶೈಲಜಾ ಮೇಡಂ ಕೈಚೀಲದಿಂದ ಬ್ಯಾನರ್ ತೆಗೆದು ಬಿಡಿಸಿದರು. ಮೇಲೆ ಕೇಂದ್ರದ ಹೊಸ ಶಾಲಾ ಪರೀಕ್ಷೆಯ ಹೆಸರು, ಕೆಳಗೆ 'ಪಾಲುದಾರ ರಾಜ್ಯಗಳ ಅಧ್ಯಯನ ಪ್ರವಾಸ' ಎಂಬ ಸಾಲು.

ಆ 'ಪಾಲುದಾರ' ಎಂಬ ಪದ ಕಂಡದ್ದೇ ನನ್ನ ಮೇಲಧಿಕಾರಿ ಪಾಟೀಲ ಸರ್ ಬಗ್ಗಿ ಬೂಟಿನ ಲೇಸು ಕಟ್ಟಲು ಶುರು ಮಾಡಿದರು. ಅವರು ಹಾಕಿಕೊಂಡಿದ್ದದ್ದು ಚರ್ಮದ ಚಪ್ಪಲಿ.

"ಸರ್, ನಿಮ್ಮ ಚಪ್ಪಲಿಗೆ ಲೇಸಿಲ್ಲ," ಎಂದೆ ಮೆಲ್ಲಗೆ.

"ಅದು ಅವರಿಗೇನ ಗೊತ್ತು?"

"ಕಾಣಿಸ್ತದೆ ಸರ್."

"ಹಂಗಾದ್ರ ನೀ ಅಡ್ಡ ನಿಲ್ಲವಾ."

ನಾನು ಅಡ್ಡ ನಿಲ್ಲಲಿಲ್ಲ. "ಮೇಡಂ, ಫೋಟೊ ನಾನು ತೆಗೀತೀನಿ," ಎಂದು ಅವರ ಫೋನ್ ಇಸಿದುಕೊಂಡೆ. ಫೋಟೊ ತೆಗೆಯುವವರು ಫೋಟೊದಲ್ಲಿ ಇರುವುದಿಲ್ಲ. ಮನೆಯ ಮದುವೆಗಳಲ್ಲಿ ಎಷ್ಟೋ ಸಲ ಬಳಸಿದ ಉಪಾಯ ಅದು. ಸರ್ಕಾರದ ಕೆಲಸಕ್ಕೂ ಬರುತ್ತದೆಂದು ಗೊತ್ತಿರಲಿಲ್ಲ.

ಇದು ಹುಡುಗಾಟವಲ್ಲ ಎಂದು ಓದುವವರಿಗೆ ಇಲ್ಲೇ ಹೇಳಿಬಿಡಬೇಕು. ನಾನು ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ಮಕ್ಕಳ ಕಲಿಕೆಯ ಅಂಕಿಗಳನ್ನು ನೋಡುವ ಗುತ್ತಿಗೆ ಕೆಲಸದವಳು. ಕೇಂದ್ರ ಹೇಳುವುದು ಇಷ್ಟು: ಎಲ್ಲ ಸರ್ಕಾರಿ ಶಾಲೆಗಳ ಮಕ್ಕಳಿಗೂ ಒಂದೇ ದಿನ ಒಂದೇ ಪರೀಕ್ಷೆ. ಫಲಿತಾಂಶ ಶಾಲೆಯ ಹೆಸರಿನೊಂದಿಗೆ, ಹಸಿರು, ಹಳದಿ ಅಥವಾ ಕೆಂಪು ಬಣ್ಣದಲ್ಲಿ, ಶಾಲೆಯ ಗೇಟಿನ ಮೇಲೆ ಫಲಕವಾಗಬೇಕು. ನಮ್ಮ ರಾಜ್ಯ ಆಗದು ಎಂದಿದೆ. ಪ್ರವಾಸಕ್ಕೆ ಬಾರದಿದ್ದರೆ ಜಗಳ ಆಡಿದಂತೆ, ಬಂದರೆ ಒಪ್ಪಿದಂತೆ. ಎರಡೂ ಆಗದ ಹಾಗೆ ಹೋಗಿ ಬನ್ನಿ ಎಂದು ನಮ್ಮಿಬ್ಬರನ್ನು ಕಳಿಸಿದ್ದರು. ಬ್ಯಾನರ್ ಹಿಡಿದ ಒಂದು ಫೋಟೊ ಪೇಪರಿನಲ್ಲಿ ಬಂದರೆ ಸಾಕು, ನಾವು ಒಪ್ಪಿದೆವು ಎಂದು ಆಗಿಬಿಡುತ್ತದೆ.

"ಯಾರು ಏನ ಕೇಳಿದ್ರೂ ವಿಷಯ ಸರ್ಕಾರದ ಪರಿಶೀಲನೆಯಲ್ಲೈತಿ ಅನ್ನು," ಎಂದು ಪಾಟೀಲ ಸರ್ ವಿಮಾನದಲ್ಲೇ ಪಾಠ ಮಾಡಿದ್ದರು. "ಊಟ ಆತೇನ ಅಂತ ಕೇಳಿದ್ರೂ ಅದನ್ನ ಅನ್ನು."

ಆಫೀಸಿನಲ್ಲಿ ಯಾರಿಗೂ ಹೇಳದ ಸಂಗತಿ ಒಂದಿತ್ತು. ವಿಜಯಪುರ ಜಿಲ್ಲೆಯ ಒಂದು ತಾಂಡಾದ ಪ್ರಾಥಮಿಕ ಶಾಲೆಗೆ ನನ್ನ ಅವ್ವ ಮುಖ್ಯೋಪಾಧ್ಯಾಯಿನಿ. ಕರಡು ನಿಯಮ ಕೈಗೆ ಬಂದ ದಿನವೇ ಅವಳ ಶಾಲೆಯ ಅಂಕಿಗಳನ್ನು ಅದರಲ್ಲಿ ಹಾಕಿ ನೋಡಿದ್ದೆ. ಬಣ್ಣ ಕೆಂಪು.

ಕಲ್ಲಾಂಗ್

ನಮ್ಮ ಹೋಟೆಲು ಕಲ್ಲಾಂಗ್‌ನಲ್ಲಿ, ಸಣ್ಣ ಕಾರ್ಖಾನೆಗಳ ಕಟ್ಟಡಗಳಿಗೂ ಎತ್ತರದ ವಸತಿ ಬ್ಲಾಕುಗಳಿಗೂ ನಡುವೆ. ಕೋಣೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಪೆಟ್ಟಿಗೆ ಬಿಚ್ಚಿ ಮತ್ತೆ ಜೋಡಿಸಿದೆ. ನದಿಯ ದಂಡೆಯಲ್ಲಿ ಒಂದು ಸುತ್ತು ಹಾಕಿದೆ; ಓಡುವವರು, ಸೈಕಲಿನವರು, ನಾಯಿಗಳು, ಎಲ್ಲರೂ ತಮ್ಮ ತಮ್ಮ ಗೆರೆಯೊಳಗೆ. ನಾನು ಯಾವ ಗೆರೆಯಲ್ಲಿ ನಡೆಯಬೇಕೆಂದು ನೆಲ ನೋಡುತ್ತಲೇ ನಡೆದು, ನದಿಯನ್ನು ಸರಿಯಾಗಿ ನೋಡಲೇ ಇಲ್ಲ.

ಊಟಕ್ಕೆ ಪಾಟೀಲ ಸರ್ ಜೊತೆ ಹತ್ತಿರದ ಹಾಕರ್ ಸೆಂಟರಿಗೆ ಹೋದೆ. ಸೂರಿನ ಕೆಳಗೆ ಹತ್ತಾರು ಅಂಗಡಿ, ನಡುವೆ ಮೇಜುಗಳು, ಆಫೀಸಿನ ಜನ ಗಿಜಿಗುಡುತ್ತಿದ್ದರು. ಆ ಜನಜಂಗುಳಿಯಲ್ಲೂ ಒಂದು ಮೇಜು ಪೂರ್ತಿ ಖಾಲಿ. ಅದರ ಮೇಲೆ ಒಂದು ಸಣ್ಣ ಟಿಶ್ಯೂ ಪ್ಯಾಕೆಟ್ಟು ಮಾತ್ರ ಇತ್ತು.

"ಯಾರೋ ಬಿಟ್ಟು ಹೋಗ್ಯಾರ ನೋಡು," ಎಂದು ಸರ್ ಕುರ್ಚಿ ಎಳೆದು ಕೂತು, ಪ್ಯಾಕೆಟ್ಟು ಹರಿದು ಮುಖದ ಬೆವರು ಒರೆಸಿಕೊಂಡರು. ಇನ್ನೊಂದು ತೆಗೆದು ಕನ್ನಡಕ ಒರೆಸಿದರು. ಮೂರನೆಯದು ನನಗೆ ಕೊಟ್ಟರು.

ಆಗ ಟ್ರೇ ಹಿಡಿದ ಒಬ್ಬಳು ಹುಡುಗಿ ಬಂದು ನಿಂತಳು. ಕೊರಳಲ್ಲಿ ಆಫೀಸಿನ ಕಾರ್ಡು. "ಅಂಕಲ್, ದಿಸ್ ಒನ್ ಮೈ ಸೀಟ್ ಲಾ," ಎಂದಳು, ಅಲ್ಲಿಯ ಇಂಗ್ಲಿಷಿನ 'ಲಾ' ಬಾಲ ಸೇರಿಸಿ. ಸಿಟ್ಟಿಲ್ಲ, ಆದರೆ ಕದಲುವ ಲಕ್ಷಣವೂ ಇಲ್ಲ. ಸರ್ ಕೈಯಲ್ಲಿದ್ದ ಹರಿದ ಪ್ಯಾಕೆಟ್ಟನ್ನು ನೋಡಿ ಅವಳ ಹುಬ್ಬು ಸ್ವಲ್ಪ ಮೇಲೇರಿತು.

ಅಲ್ಲಿ ಮೇಜಿನ ಮೇಲೆ ಟಿಶ್ಯೂ ಇಟ್ಟರೆ ಆ ಜಾಗ ಹಿಡಿದಿಟ್ಟಂತೆ. ಇಟ್ಟವರು ಎಲ್ಲೋ ಸರದಿಯಲ್ಲಿ ನಿಂತಿರುತ್ತಾರೆ, ಬಂದೇ ಬರುತ್ತಾರೆ. ಅಷ್ಟರವರೆಗೆ ಎಷ್ಟೇ ಹಸಿದವರೂ ಅಲ್ಲಿ ಕೂರುವುದಿಲ್ಲ. ನಾವು ಕ್ಷಮೆ ಕೇಳಿ ಎದ್ದೆವು. ಕಂಬದ ಪಕ್ಕ ನಿಂತು ಉಣ್ಣುವಾಗ ಸರ್ ನಗತೊಡಗಿದರು.

"ಅಲ್ಲವಾ, ನಾ ಸಿಂದಗಿ ಬಸ್ಸಿಗೆ ಕಿಡಕ್ಯಾಗಿಂದ ಟಾವೆಲ್ ಒಗದು ಸೀಟ್ ಹಿಡದಾಂವ. ಒಮ್ಮೆ ಒಬ್ಬಾಂವ ನನ್ನ ಟಾವೆಲ್ ಮ್ಯಾಲ ಕುಂತಿದ್ದಕ್ಕ ಅಂವನ ಕೂಡ ಜಗಳಾಡಿದಾಂವ. ಇಲ್ಲಿ ನಾನs ಹಂಗ ಮಾಡಿದ್ನಲ್ಲ!"

ನಾನು ನಗಲಿಲ್ಲ ಎಂದಲ್ಲ. ಆದರೆ ಆ ಪ್ಯಾಕೆಟ್ಟು ತಲೆಯಲ್ಲಿ ಉಳಿದುಬಿಟ್ಟಿತು.

ಒಂದು ಶಾಲೆ

ಮರುದಿನ ನಮ್ಮನ್ನು ಒಂದು ಪ್ರಾಥಮಿಕ ಶಾಲೆಗೆ ಕರೆದೊಯ್ದರು. ಅಂಗಳದಲ್ಲಿ ಮಕ್ಕಳು ಸಾಲಾಗಿ ಕುಳಿತಿದ್ದರು. ಎದ್ದಾಗಲೂ ಸಾಲು ಮುರಿಯಲಿಲ್ಲ. ಊಟದ ಕೋಣೆಯಲ್ಲಿ ಒಂದನೆಯ ತರಗತಿಯ ಮಗುವೂ ತನ್ನ ತಟ್ಟೆ ತಾನೇ ತೆಗೆದುಕೊಂಡು ಹೋಗಿ ಇಟ್ಟಿತು. ಅದು ನನಗೆ ಹೊಸದಲ್ಲ. ಅವ್ವನ ಶಾಲೆಯಲ್ಲೂ ಬಿಸಿಯೂಟದ ತಟ್ಟೆ ಮಕ್ಕಳೇ ತೊಳೆಯುತ್ತಾರೆ. ಆದರೆ ಅಲ್ಲಿ ನೀರಿನ ತೊಟ್ಟಿಯ ಹತ್ತಿರ ಆಗುವ ಗದ್ದಲ, ಒಬ್ಬರ ಮೇಲೊಬ್ಬರು ನೀರು ಚಿಮುಕಿಸುವುದು ಇಲ್ಲಿರಲಿಲ್ಲ.

ಶೈಲಜಾ ಮೇಡಂ ಪ್ರಿನ್ಸಿಪಾಲರನ್ನು ಕೇಳಿದರು: ನಿಮ್ಮಲ್ಲಿ ಶಾಲೆಗಳ ಶ್ರೇಣಿ ಪಟ್ಟಿಯನ್ನು ಎಲ್ಲಿ ಹಾಕುತ್ತೀರಿ?

ಆಕೆ ನಕ್ಕರು. ಒಂದು ಕಾಲದಲ್ಲಿ ಪ್ರಕಟಿಸುತ್ತಿದ್ದರಂತೆ. ಈಗ ಇಲ್ಲ. ಚಿಕ್ಕ ತರಗತಿಗಳಲ್ಲಿ ಪರೀಕ್ಷೆಯನ್ನೂ ಕಡಿಮೆ ಮಾಡಿದ್ದಾರೆ.

ಪಾಟೀಲ ಸರ್‌ಗೆ ಹಬ್ಬ. "ನೋಡ್ದೇನವಾ? ಪಟ್ಟಿ ನೋಡ್ರಿ ಅಂತ ಇಷ್ಟ ದೂರ ಕರಕೊಂಡ ಬಂದ್ರು. ಇವರು ನೋಡಿದ್ರ ಪಟ್ಟಿ ಹರದು ಒಗದಾರ!" ಎಂದು ಬಸ್ಸಿನಲ್ಲಿ ಹೇಳಿದರು, ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡು.

ಮುಂದಿನ ಸೀಟಿನಿಂದ ಶೈಲಜಾ ಮೇಡಂ ತಿರುಗಿದರು. "ಪಾಟೀಲ್ರೇ, ನಾನು ಮೈಸೂರಿನವಳು. ಕನ್ನಡ ಬರುತ್ತೆ."

"ಗೊತ್ತೈತ್ರಿ ಮೇಡಂ. ಅದಕ್ಕs ಕನ್ನಡದಾಗ ಹೇಳಿದೆ," ಎಂದರು ಸರ್.

ಬುಕಿತ್ ಪಂಜಾಂಗ್

ಸಂಜೆ ಬಿಡುವಿತ್ತು. ದೊಡ್ಡಪ್ಪನ ಮಗಳು ಗಿರಿಜಕ್ಕ ಬುಕಿತ್ ಪಂಜಾಂಗ್‌ನಲ್ಲಿ ಇದ್ದಾಳೆ. ಎಂಆರ್‌ಟಿ ಮೆಟ್ರೊ ಇಳಿದು ಅಲ್ಲಿಯದೇ ಆದ ಪುಟ್ಟ ರೈಲು ಹತ್ತಬೇಕು. ಅದು ಫ್ಲಾಟುಗಳ ಮೂರನೆಯ, ನಾಲ್ಕನೆಯ ಮಹಡಿಯ ಮಟ್ಟದಲ್ಲಿ, ಮನೆಗಳ ಪಕ್ಕದಲ್ಲೇ ಹಾಯುತ್ತದೆ. ಒಂದು ಮನೆಯ ಅಡುಗೆಕೋಣೆ ಇನ್ನೇನು ಕಾಣಬೇಕು, ಅಷ್ಟರಲ್ಲಿ ರೈಲಿನ ಕಿಟಕಿಯ ಗಾಜು ತಾನಾಗಿ ಮಸುಕಾಯಿತು. ಬ್ಲಾಕು ದಾಟಿದ ಮೇಲೆ ಮತ್ತೆ ತಿಳಿಯಾಯಿತು. ಮನೆಯವರು ಬಟ್ಟೆ ಒಣಗಿಸುವುದು, ಉಣ್ಣುವುದು ಹೋಗಿ ಬರುವವರ ಕಣ್ಣಿಗೆ ಬೀಳದಿರಲಿ ಎಂದು ಹೀಗೆ. ಇಷ್ಟು ಮರ್ಯಾದೆಯ ಯಂತ್ರವನ್ನು ನಾನು ಎಲ್ಲೂ ಕಂಡಿಲ್ಲ. ಬೇಕೆಂದೇ ಒಂದು ಸ್ಟೇಷನ್ ಮುಂದೆ ಹೋಗಿ ಹಿಂದಕ್ಕೆ ಬಂದೆ, ಅದು ಇನ್ನೊಮ್ಮೆ ಮಸುಕಾಗುವುದನ್ನು ನೋಡಲು.

ಗಿರಿಜಕ್ಕ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿಟ್ಟಿದ್ದಳು. ಮಗಳು ಸಾನ್ವಿ ಊಟದ ಮೇಜಿನ ಅರ್ಧಭಾಗದಲ್ಲಿ ಪುಸ್ತಕ ಹರಡಿಕೊಂಡಿದ್ದಳು. ಆರನೆಯ ತರಗತಿ ಮುಗಿಯುವಾಗ ಇಲ್ಲಿ ದೊಡ್ಡ ಪರೀಕ್ಷೆಯಿದೆ; ಮುಂದೆ ಯಾವ ಶಾಲೆ ಎನ್ನುವುದು ಅದರ ಮೇಲೆ.

"ಪಟ್ಟಿ ಇಲ್ಲಂತಲ್ಲ ಅಕ್ಕ ಈಗ?" ಎಂದೆ.

"ಗೌರ್ಮೆಂಟ್ ರ್‍ಯಾಂಕ್ ತೆಗೀತು. ವಾಟ್ಸಾಪ್ ಗ್ರೂಪ್ ತೆಗೀಲಿಲ್ಲಲ್ಲ!" ರೊಟ್ಟಿ ಬಡಿಸುತ್ತಲೇ ಅವಳು ಶಾಲೆಗಳ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಹೇಳುತ್ತ ಹೋದಳು. ಯಾವುದಕ್ಕೆ ಎಷ್ಟು ಬೇಕು, ಯಾವುದು ಈ ವರ್ಷ ಮೇಲೇರಿದೆ, ಯಾವುದು ಇಳಿದಿದೆ, ಎಲ್ಲಾ ಬಾಯಿಪಾಠ. "ಟ್ಯೂಷನ್ ಸೆಂಟರ್‌ನೋರು ಅಪ್ಡೇಟ್ ಮಾಡ್ತಾರೆ. ಈ ಗೌರ್ಮೆಂಟ್ ಫ್ಲಾಟ್ ಬಿಟ್ಟು ಕಾಂಡೋಗೆ ಶಿಫ್ಟ್ ಆಗೋಣ ಅಂತ ಇವರು ಅಂದ್ರು. ನಾ ಇವಳ ಎಕ್ಸಾಮ್ ಮುಗಿಯೋವರೆಗೂ ಬ್ಯಾಡ ಅಂದೆ."

ಪಟ್ಟಿ ಇಲ್ಲವೆಂದು ಕೇಳಿ ಬೆಳಿಗ್ಗೆ ನನಗಾಗಿದ್ದ ಸಮಾಧಾನ ಅಲ್ಲಿಗೆ ಮುಗಿಯಿತು. ಫಲಕ ಇಳಿಸಿದ ಮಾತ್ರಕ್ಕೆ ಜನ ಎಣಿಸುವುದನ್ನು ಬಿಡುವುದಿಲ್ಲ. ಪಾಟೀಲ ಸರ್‌ಗೆ ಇದನ್ನು ಹೇಳಬಾರದು ಎಂದುಕೊಂಡೆ, ಶೈಲಜಾ ಮೇಡಂಗಂತೂ ಖಂಡಿತ ಹೇಳಬಾರದು.

"ಸಾನ್ವಿ, ತಯಾರಿ ಹೇಗಿದೆ?"

"ಚಿಕ್ಕಮ್ಮ, ಡೋಂಟ್ ಆಸ್ಕ್ ಲಾ." ಅವಳು ಪೆನ್ಸಿಲ್ ಕೆಳಗಿಟ್ಟಳು. "ಅಜ್ಜಿ ಸ್ಕೂಲಲ್ಲೂ ಎಕ್ಸಾಮ್ ಬರುತ್ತಂತೆ? ಅಮ್ಮ ಹೇಳಿದ್ಳು."

ಬರಬಹುದು ಎಂದೆ. ಆದರೆ ಪರೀಕ್ಷೆ ಇಟ್ಟಿರುವ ತಿಂಗಳಲ್ಲಿ ಅಲ್ಲಿ ಅರ್ಧ ಮಕ್ಕಳು ಇರುವುದಿಲ್ಲ, ಅಪ್ಪ ಅವ್ವನ ಜೊತೆ ಕಬ್ಬು ಕಡಿಯುವ ಊರುಗಳಿಗೆ ಹೋಗಿರುತ್ತಾರೆ, ಯುಗಾದಿಯ ಹೊತ್ತಿಗೆ ಮರಳುತ್ತಾರೆ, ಬಾರದವರಿಗೆ ಸೊನ್ನೆ ಹಾಕುತ್ತಾರೆ ಎಂದು ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ.

"ಇಲ್ಲಿ ಸಿಕ್ ಆದ್ರೆ ಡಾಕ್ಟರ್ ಎಂಸಿ ಕೊಡ್ತಾರೆ, ಮೆಡಿಕಲ್ ಸರ್ಟಿಫಿಕೇಟ್. ಎಂಸಿ ಇದ್ರೆ ಝೀರೋ ಹಾಕಲ್ಲ." ಸಾನ್ವಿ ಮತ್ತೆ ಪೆನ್ಸಿಲ್ ಎತ್ತಿಕೊಂಡಳು. "ಕಬ್ಬಿಗೆ ಎಂಸಿ ಕೊಡಲ್ವಾ?"

ಗಿರಿಜಕ್ಕ ನಕ್ಕಳು. ನಾನು ಕೊನೆಯ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟೆ. ನಮ್ಮ ರಾಜ್ಯ ದೆಹಲಿಗೆ ಕಳಿಸಿದ ಉತ್ತರವನ್ನು ನಾನು ಓದಿದ್ದೆ. ಶಿಕ್ಷಣ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯದ ಅಧಿಕಾರದಲ್ಲಿ ಕೈಹಾಕಬಾರದು ಎಂದು ಅಚ್ಚುಕಟ್ಟಾಗಿ ಬರೆದಿದ್ದರು. ಅದರಲ್ಲಿ ಕಾನೂನಿನ ಕಲಮುಗಳೆಲ್ಲ ಇದ್ದವು. ಕಬ್ಬು ಇರಲಿಲ್ಲ.

ಪಾಸಿರ್ ರಿಸ್

ಭಾನುವಾರ ಎಲ್ಲರನ್ನೂ ಪಾಸಿರ್ ರಿಸ್ ಕಡಲ ದಂಡೆಗೆ ಕರೆದೊಯ್ದರು. ಬ್ಯಾನರ್ ಕೂಡ ಬಂತು. ಪಾಟೀಲ ಸರ್ ಈ ಸಲ ಶೌಚಾಲಯ ಹುಡುಕಿಕೊಂಡು ಹೋದರು. ನಾನು ಎಂದಿನಂತೆ ಫೋನ್ ಕೇಳಲು ಹೋದಾಗ ಶೈಲಜಾ ಮೇಡಂ ಕೊಡಲಿಲ್ಲ.

"ಬಾಮ್ಮ, ಸ್ವಲ್ಪ ನಡೆಯೋಣ."

ಮರಳಿನ ಪಕ್ಕದ ದಾರಿಯಲ್ಲಿ ನಡೆದೆವು. ದೂರದಲ್ಲಿ ಹಡಗುಗಳು ನಿಂತಿದ್ದವು. ಒಂದೂ ಚಲಿಸುತ್ತಿರಲಿಲ್ಲ. ನನಗೆ ಅವನ್ನು ನೋಡಿದರೇ ಚಡಪಡಿಕೆ.

"ನಾನು ವಿಲನ್ ಅಂತ ಅಂದ್ಕೊಂಡಿದ್ದೀರಾ ನೀವಿಬ್ರೂ?"

"ಇಲ್ಲ ಮೇಡಂ. ವಿಷಯ ಸರ್ಕಾರದ..."

"ಅದು ಬೇಡ." ಅವರು ನಿಂತರು. "ಒಂದೇ ಒಂದು ಮಾತು ಕೇಳ್ತೀನಿ. ಐದನೇ ಕ್ಲಾಸಿನ ಮಗು ಒಂದು ಪುಟ ಓದುತ್ತಾ? ನಮ್ಮ ಪರೀಕ್ಷೆ ಬೇಡ, ಫಲಕ ಬೇಡ, ಎಲ್ಲಾ ಸರಿ. ಹಾಗಾದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ? ನಿಮ್ಮ ಹತ್ರ ಏನಿದೆ?"

ನನ್ನ ಹತ್ತಿರ ಉತ್ತರವಿತ್ತು. ಅವ್ವನ ಶಾಲೆಯ ಮೆಟ್ಟಿಲು, ಅದರ ಮೇಲೆ ಪುಸ್ತಕ ಹಿಡಿದ ಮಗು ಕಣ್ಣ ಮುಂದೆ ಬಂತು. ಆದರೆ ಅದನ್ನು ಹೇಳಿದರೆ ಶಾಲೆ ಯಾವುದು ಎನ್ನುತ್ತಾರೆ. ಶಾಲೆ ಹೇಳಿದರೆ ಬಣ್ಣ ನೋಡುತ್ತಾರೆ. ನಾನು ಚಪ್ಪಲಿಯೊಳಗಿನ ಮರಳು ಕೊಡವಿದೆ.

"ಗೊತ್ತಿಲ್ಲ ಮೇಡಂ," ಎಂದೆ.

"ಅದೇ ನನ್ನ ಕಷ್ಟ," ಎಂದು ಅವರು ಹಿಂದಿರುಗಿ ಹೊರಟರು. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಮತ್ತೆ ಕಲ್ಲಾಂಗ್

ಕೊನೆಯ ದಿನ ಹೋಟೆಲಿನ ಸಭೆಯಲ್ಲಿ ಪ್ರತಿ ರಾಜ್ಯವೂ ಎದ್ದು ನಿಂತು ತಾನು ಊರಿಗೆ ಹೋಗಿ ಏನು ಮಾಡುತ್ತೇನೆ ಎಂದು ಹೇಳಬೇಕಿತ್ತು. ಪಾಟೀಲ ಸರ್ ಬೆಳಿಗ್ಗೆ ತಿಂಡಿಯ ಹೊತ್ತಿಗೇ ಗಂಟಲು ಹಿಡಿದುಕೊಂಡಿದ್ದರು. "ಏಸಿ ಗಾಳಿಗೆ ಗಂಟಲ ಕಟ್ಟೇತಿ. ನೀನs ಹೇಳಿಬಿಡು. ಮೂರು ಸಾಲು. ಧನ್ಯವಾದ, ಬಾಳ ಕಲತೆವು, ಪರಿಶೀಲನೆಯಲ್ಲೈತಿ. ಕುಂತಬಿಡು."

ಹಾಗೇ ಹೇಳಿದೆ, ಇಂಗ್ಲಿಷಿನಲ್ಲಿ. ಮೂರು ಸಾಲು ಮುಗಿದವು. ಕೂರಬೇಕಿತ್ತು. ಮುಂದಿನ ಮೇಜಿನ ಮೇಲೆ ಯಾರೋ ಇಟ್ಟಿದ್ದ ಟಿಶ್ಯೂ ಪ್ಯಾಕೆಟ್ಟು ಕಾಣಿಸಿತು.

ಅದನ್ನು ಕೈಗೆತ್ತಿಕೊಂಡೆ. ಹಾಕರ್ ಸೆಂಟರಿನಲ್ಲಿ ನಾವು ಮಾಡಿದ ಎಡವಟ್ಟನ್ನು ಹೇಳಿದೆ, ಜನ ನಕ್ಕರು. ನಮ್ಮಲ್ಲಿ ಒಂದು ಶಾಲೆ ಇದೆ ಎಂದೆ. ಕಬ್ಬು ಕಡಿಯಲು ಹೋದ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಈ ಪ್ಯಾಕೆಟ್ಟಿನ ಹಾಗೇ ಇರುತ್ತದೆ. ಅವರು ಈಗ ಅಲ್ಲಿಲ್ಲ, ಆದರೆ ಬಂದೇ ಬರುತ್ತಾರೆ. ಪರೀಕ್ಷೆಗೆ ಮುಂಚೆ ಅವರ ಹೆಸರು ಹೊಡೆದುಹಾಕಿದರೆ ಸೊನ್ನೆಗಳು ಹೋಗುತ್ತವೆ, ಶಾಲೆ ಕೆಂಪಿನಿಂದ ಹಳದಿಗೆ ಬರುತ್ತದೆ. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಹೊಡೆದುಹಾಕುವುದಿಲ್ಲ. ಹೆಸರು ಹೋದ ಮಗು ಯುಗಾದಿಗೆ ಊರಿಗೆ ಬರುತ್ತದೆ, ಶಾಲೆಗೆ ಬರುವುದಿಲ್ಲ. ಈ ಫಲಕ ಬಂದರೆ ಎಷ್ಟು ಶಾಲೆಗಳು ಹೆಸರು ಹೊಡೆದುಹಾಕದೆ ಉಳಿಯುತ್ತವೆ?

ಮತ್ತೆ ಮೆಟ್ಟಿಲಿನ ಸಂಗತಿ ಹೇಳಿದೆ. ಮರಳಿ ಬಂದ ದಿನ ಪ್ರತಿ ಮಗುವೂ ಶಾಲೆಯ ಮೆಟ್ಟಿಲ ಮೇಲೆ ತನ್ನ ತಾಯಿಯ ಮುಂದೆ ಒಂದು ಪುಟ ಓದಬೇಕು. ಬಹಳಷ್ಟು ತಾಯಂದಿರಿಗೆ ಅಕ್ಷರ ಬಾರದು. ಆದರೆ ಮಗು ಎಲ್ಲಿ ತಡವರಿಸಿತು, ಎಲ್ಲಿ ನಿಂತುಹೋಯಿತು ಎಂಬುದು ಯಾರಿಗಾದರೂ ಕೇಳಿಸುತ್ತದೆ. ನಿಂತ ಮಕ್ಕಳಿಗೆ ಮರುದಿನದಿಂದ ಬೇರೆ ಪಾಠ. ಬೇಸಿಗೆ ರಜೆಯಲ್ಲೂ.

"ಹಾಗಾದ್ರೆ," ಶೈಲಜಾ ಮೇಡಂ ಕೂತಲ್ಲಿಂದಲೇ ಕನ್ನಡದಲ್ಲಿ ಕೇಳಿದರು, "ಪರೀಕ್ಷೆ ದಿನ ಬದಲಾಯಿಸಿದ್ರೆ ನಿಮ್ಮ ರಾಜ್ಯ ಒಪ್ಪುತ್ತಾ?"

ಪಾಟೀಲ ಸರ್ ಕೆಮ್ಮಿದರು. ಕಟ್ಟಿದ ಗಂಟಲಿನ ಕೆಮ್ಮು ಅಲ್ಲ ಅದು.

"ಒಪ್ಪೋ ಅಧಿಕಾರ ನನಗಿಲ್ಲ ಮೇಡಂ. ಆದ್ರೆ ಮೊನ್ನೆ ನೀವು ಕೇಳಿದ್ರಲ್ಲ, ಹೇಗೆ ಗೊತ್ತಾಗುತ್ತೆ ಅಂತ. ಹೀಗೆ ಗೊತ್ತಾಗುತ್ತೆ."

ಕೂತೆ. ಸರ್ ನನ್ನ ಕಡೆ ನೋಡಲಿಲ್ಲ. ಗುತ್ತಿಗೆ ಕೆಲಸದವಳನ್ನು ಮನೆಗೆ ಕಳಿಸಲು ಯಾವ ಕಲಮೂ ಬೇಕಿಲ್ಲ ಎಂದು ಆಗ ಹೊಳೆಯಿತು.

ಫೋಟೊದ ಹೊತ್ತು ಬಂತು. ಬ್ಯಾನರ್ ಬಿಡಿಸಿದರು. ನಾನು ಫೋನ್ ಇಸಿದುಕೊಳ್ಳುವ ಮೊದಲೇ ಪಾಟೀಲ ಸರ್ ಮುಂದೆ ಬಂದು ಅದನ್ನು ತೆಗೆದುಕೊಂಡರು.

"ನಾ ತಗೀತೀನಿ. ನೀ ಹೋಗಿ ನಿಲ್ಲು."

"ಸರ್?"

"ಅಷ್ಟು ಮಾತಾಡಿದಾಕಿಗೆ ನಿಲ್ಲಾಕ ಏನು ಧಾಡಿ? ನಿಲ್ಲು."

ಅವರು ನನ್ನನ್ನು ಮುಂದೆ ತಳ್ಳಿ ತಾವು ಪಾರಾಗುತ್ತಿದ್ದಾರೋ, ಬೆನ್ನು ತಟ್ಟುತ್ತಿದ್ದಾರೋ ತಿಳಿಯಲಿಲ್ಲ. ಹೋಗಿ ಕೊನೆಯಲ್ಲಿ ನಿಂತೆ. ಬ್ಯಾನರಿಗೆ ಕೈ ತಾಗಿಸಲಿಲ್ಲ. ಸರ್ ಹಿಂದಕ್ಕೆ, ಮುಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿ ತೆಗೆದರು.

ಮತ್ತೆ ಚಾಂಗಿ

ವಿಮಾನಕ್ಕೆ ಕಾಯುವಾಗ ಫೋಟೊ ತಂಡದ ಗ್ರೂಪಿಗೆ ಬಂತು. ಎಲ್ಲರ ಮುಖವೂ ಸ್ಪಷ್ಟ. ಕೊನೆಯಲ್ಲಿ ನಾನು, ಬಿಗಿದುಕೊಂಡು. ಉಳಿದವರೆಲ್ಲ ಹೊಟ್ಟೆಯ ಮುಂದೆ ಕೈ ಹಿಡಿದು ನಿಂತಿದ್ದಾರೆ. ಬ್ಯಾನರಿನ ಮೇಲಂಚು ಒಂದು ಗೆರೆಯಷ್ಟು ಕಾಣುತ್ತದೆ. ಅದರ ಕೆಳಗೆ ಚಿತ್ರ ಮುಗಿದಿದೆ. ಅಕ್ಷರ ಒಂದೂ ಇಲ್ಲ.

ಪಕ್ಕದಲ್ಲಿ ಕೂತು ಚಹಾ ಊದಿ ಕುಡಿಯುತ್ತಿದ್ದ ಪಾಟೀಲ ಸರ್ ಕಡೆ ತಿರುಗಿದೆ.

"ನನಗ ಫೋಟೊ ತಗಿಯಾಕ ಅಷ್ಟು ಬರಂಗಿಲ್ಲವಾ," ಎಂದರು. ಗಂಟಲು ಪೂರ್ತಿ ವಾಸಿಯಾಗಿತ್ತು. ಲೋಟ ಕೆಳಗಿಟ್ಟು, "ಆ ಶಾಲಿ ನಿಮ್ಮ ಅವ್ವಂದಲ್ಲ?" ಎಂದರು.

"ನಿಮಗೆ ಹೇಗೆ ಗೊತ್ತು ಸರ್?"

"ನೀ ಇಂಗ್ಲಿಷಿನಾಗ ಹೇಳಾಕತ್ತಿದ್ದಿ. ಮೆಟ್ಟಿಲ ಅನ್ನೂದು ಬಂದ ಕೂಡ್ಲೆ ನಿನ್ನ ಧ್ವನಿ ಊರಿಗೆ ಹೋತು."

ಆಗಲೇ ಶೈಲಜಾ ಮೇಡಂ ಸಂದೇಶ ಬಂತು, ನನಗೊಬ್ಬಳಿಗೇ. ಅವರು ದೆಹಲಿಯ ವಿಮಾನದ ಸಾಲಿನಲ್ಲಿದ್ದರು. 'ಯುಗಾದಿಯ ಹೊತ್ತಿಗೆ ಬರ್ತೀನಿ. ಪರೀಕ್ಷೆ ಮಾಡೋಕಲ್ಲ, ಕೇಳೋಕೆ. ಯಾವ ಶಾಲೆ?'

ಎದ್ದು ಗಾಜಿನ ಗೋಡೆಯವರೆಗೆ ನಡೆದೆ, ಹಿಂದಕ್ಕೆ ಬಂದೆ, ಮತ್ತೆ ನಡೆದೆ. ಆ ಹೆಸರು ಯಾವ ಫಲಕದ ಮೇಲೂ ಬಾರದಿರಲಿ ಎಂದೇ ವಾರವಿಡೀ ಬಾಯಿ ಕಟ್ಟಿಕೊಂಡಿದ್ದೆ. ಈಗ ನಾನೇ ಬರೆದು ಕೊಡಬೇಕು. ಈ ಗಾಜು ಮಸುಕಾಗುವಂಥದ್ದಲ್ಲ. ಹೊರಗೆ ವಿಮಾನಗಳು ಉರಿಬಿಸಿಲಲ್ಲಿ ಬೆತ್ತಲೆ ನಿಂತಿದ್ದವು.

ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ಬಿಸಿಯೂಟದ ಹೊತ್ತು. ತಟ್ಟೆಗಳ ಸದ್ದು, ನೀರಿನ ತೊಟ್ಟಿಯ ಗದ್ದಲ. ನಡೆದದ್ದನ್ನೆಲ್ಲ ಹೇಳಿದೆ. ಬಣ್ಣದ ವಿಷಯವನ್ನೂ.

"ಕೆಂಪು ಅಂತ ನನಗ ಗೊತ್ತಿಲ್ಲೇನು? ನಾ ಕಲಿಸಾಕಿ," ಎಂದಳು ಅವ್ವ. ಯಾರನ್ನೋ ಗದರಿಸಿದಳು, ನೀರು ಉಗ್ಗಬ್ಯಾಡೋ ಎಂದು. ಮತ್ತೆ ಫೋನಿಗೆ ಬಂದಳು. "ಹೆಸರು ಹೇಳು. ಬರ್ಲಿ. ಆದ್ರ ಕುರ್ಚಿ ಹಾಕಂಗಿಲ್ಲ ಅಂತ ಹೇಳು. ಮೆಟ್ಟಿಲ ಮ್ಯಾಲ ಕುಂದರಬೇಕು, ತಾಯಂದಿರ ಕೂಡ."

ವಿಮಾನ ಹತ್ತಲು ಕರೆದರು. ಪಾಟೀಲ ಸರ್ ನನ್ನ ಚೀಲವನ್ನೂ ಎತ್ತಿಕೊಂಡು ಸಾಲಿನಲ್ಲಿ ನನಗೆ ಜಾಗ ಹಿಡಿದು ನಿಂತಿದ್ದರು. ಮೊದಲು ಕುರ್ಚಿಯ ಮಾತನ್ನು ಬರೆದೆ. ಆಮೇಲೆ ಶಾಲೆಯ ಹೆಸರು ಬರೆದು ಕಳಿಸಿದೆ.